ಮಂಗಳೂರಿನ ಒಂದು ‘ಫುಲ್ ಬಾಡಿ ಚೆಕಪ್’: ಸೇವೆಗೆ ಮೆಚ್ಚುಗೆ, ಪಟ್ಟಿಗೆ ಆಕ್ಷೇಪ

ಕಂಕನಾಡಿಯ ಆಸುಪಾಸಿನ ಡಯಾಗ್ನೋಸ್ಟಿಕ್ ಕೇಂದ್ರವೊಂದರಲ್ಲಿ, ಐವತ್ತರ ಅಂಚಿನಲ್ಲಿರುವ ನಾನೂ ನನ್ನ ಹೆಂಡತಿಯೂ ವಾರ್ಷಿಕ ‘ಕಪಲ್ ಪ್ಯಾಕೇಜ್’ ಮಾಡಿಸಿಕೊಂಡೆವು. ಸೇವೆಯ ಬಗ್ಗೆ ದೂರಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋದವರನ್ನು ಕಾಯಿಸಲಿಲ್ಲ, ಮೊದಲ ಚುಚ್ಚಿಗೇ ನರ ಸಿಕ್ಕಿತು, ತಿಂಡಿಯ ಕೂಪನ್ನಿಗೆ ಬಿಸಿ ಬನ್ಸ್ ಬಂತು (ಸಕ್ಕರೆ ಕಾಯಿಲೆ ನೋಡಿಸಲು ಬಂದವರಿಗೆ ಬನ್ಸ್ ಕೊಡಬೇಕೇ ಎಂಬುದು ಬೇರೆ ಮಾತು), ಸಂಜೆಯೊಳಗೆ ರಿಪೋರ್ಟ್ ವಾಟ್ಸ್‌ಆ್ಯಪ್‌ಗೆ ತಲುಪಿತು.

ನನ್ನ ಆಕ್ಷೇಪವಿರುವುದು ಪರೀಕ್ಷೆಗಳ ಪಟ್ಟಿಯ ಮೇಲೆ. ಹೆಂಡತಿಗೆ ಸಿಎ-125 ಎಂಬ, ಅಂಡಾಶಯದ ಕ್ಯಾನ್ಸರ್ ಸುಳಿವು ಹುಡುಕುವ ರಕ್ತಪರೀಕ್ಷೆ ಮಾಡಿದ್ದರು; ಲಕ್ಷಣಗಳಿಲ್ಲದ, ವಂಶದಲ್ಲಿ ವಿಶೇಷ ಅಪಾಯವಿಲ್ಲದ ಮಹಿಳೆಯರಿಗೆ ಅಂಡಾಶಯದ ಕ್ಯಾನ್ಸರ್ ಸ್ಕ್ರೀನಿಂಗ್ ಬೇಡವೆಂದು ಅಮೆರಿಕದ ತಜ್ಞರ ಸಮಿತಿಯಾದ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ 2018ರಲ್ಲೇ ಹೇಳಿದೆ. ಅತ್ತ, ಗರ್ಭಕೊರಳಿನ ಪರೀಕ್ಷೆ ಪಟ್ಟಿಯಲ್ಲೇ ಇರಲಿಲ್ಲ. ಎಲೆಅಡಿಕೆ ಜಗಿಯುವವರು ಇಷ್ಟಿರುವ ಊರಿನಲ್ಲಿ ಟಾರ್ಚ್ ಹಿಡಿದು ನಮ್ಮ ಬಾಯಿಯೊಳಗೆ ನೋಡಿದವರೂ ಇಲ್ಲ. ಬಾಯಿ, ಸ್ತನ, ಗರ್ಭಕೊರಳು, ಈ ಮೂರರ ಕ್ಯಾನ್ಸರ್‌ಗೆ 30ರಿಂದ 65 ವರ್ಷದವರನ್ನು ಐದು ವರ್ಷಕ್ಕೊಮ್ಮೆ ತಪಾಸಿಸಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯೇ ಹೇಳುತ್ತದೆ.

ಎಲ್ಲವನ್ನೂ ಪ್ರತಿವರ್ಷ ಏಕೆ ಮಾಡಿಸಬೇಕು ಎಂದು ಕೇಳಿದ್ದಕ್ಕೆ, “ವರ್ಷಕ್ಕೊಮ್ಮೆ ಮಾಡಿಸಿದ್ರೆ ಒಳ್ಳೇದಲ್ವಾ ಸರ್?” ಎಂಬ ಉತ್ತರ ಬಂತು. ಯಾವ ವಯಸ್ಸಿಗೆ ಶುರು, ಎಷ್ಟು ವರ್ಷಕ್ಕೊಮ್ಮೆ, ಯಾವಾಗ ನಿಲ್ಲಿಸುವುದು ಎಂಬ ಎಲ್ಲ ಜೋಡಣೆಗಳನ್ನೂ ಜನರ ಮೇಲೆ ಪ್ರಯೋಗಿಸಿ ನೋಡಲು ಯಾರಿಗೂ ಸಾಧ್ಯವಿಲ್ಲದ ಕಾರಣ, ಸಂಶೋಧಕರು ಕಂಪ್ಯೂಟರಿನಲ್ಲಿ ಲಕ್ಷಾಂತರ ಕಾಲ್ಪನಿಕ ಜನರನ್ನು ಸೃಷ್ಟಿಸಿ, ಅವರಿಗೆ ವಯಸ್ಸಾಗಿಸಿ, (ಕರುಳಿನ ಕ್ಯಾನ್ಸರ್ ಲೆಕ್ಕವಾದರೆ) ಕೆಲವರ ಕರುಳಿನಲ್ಲಿ ಪಾಲಿಪ್, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು, ಬೆಳೆಸಿ, ಪ್ರತಿಯೊಂದು ವೇಳಾಪಟ್ಟಿಯನ್ನೂ ಅವರ ಮೇಲೆ ಓಡಿಸಿ ನೋಡುತ್ತಾರೆ. ತಪಾಸಣೆಯಿಂದ ಗಳಿಸಿದ ಆಯುಷ್ಯ ಒಂದು ಕಡೆ, ಅದಕ್ಕೆ ತೆತ್ತ ಕೊಲೊನೊಸ್ಕೋಪಿಗಳೂ (ಕರುಳಿನೊಳಗೆ ಕ್ಯಾಮೆರಾ ತೂರಿಸಿ ನೋಡುವ ಪರೀಕ್ಷೆ) ತೊಡಕುಗಳೂ ಇನ್ನೊಂದು ಕಡೆ. ಕರುಳಿನ ಕ್ಯಾನ್ಸರ್ ಸ್ಕ್ರೀನಿಂಗ್ ಶುರುಮಾಡುವ ವಯಸ್ಸನ್ನು ಟಾಸ್ಕ್ ಫೋರ್ಸ್ 2021ರಲ್ಲಿ 50ರಿಂದ 45ಕ್ಕೆ ಇಳಿಸಿದಾಗ, ಇಂಥ ಲೆಕ್ಕ ಮಾಡುವ ಸಂಶೋಧಕರ ಬಳಗವಾದ ಸಿಸ್‌ನೆಟ್‌ನ ಮೂರು ಪ್ರತ್ಯೇಕ ಕಂಪ್ಯೂಟರ್ ಮಾದರಿಗಳ ಲೆಕ್ಕ ಅದರ ಮುಂದಿತ್ತು. ಅದೇ ಲೆಕ್ಕದಂತೆ, ಮೊದಲ ಕೊಲೊನೊಸ್ಕೋಪಿಯಲ್ಲಿ ಏನೂ ಕಾಣದವರಿಗೆ ಮುಂದಿನದು ಹತ್ತು ವರ್ಷದ ಬಳಿಕ ಸಾಕು.

ಹಾಗೆಂದು ಆ 45ನ್ನು ಇಲ್ಲಿಗೆ ಎತ್ತಿ ತಂದು ಪ್ಯಾಕೇಜಿಗೆ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಮಾದರಿಗೆ ಉಣಿಸಿದ್ದು ಅಮೆರಿಕದ ಅಂಕಿ-ಅಂಶ. ನಮ್ಮಲ್ಲಿ ಕರುಳಿನ ಕ್ಯಾನ್ಸರ್ ಅಲ್ಲಿಗಿಂತ ಕಡಿಮೆ, ಬಾಯಿಯ ಕ್ಯಾನ್ಸರ್ ಹೆಚ್ಚು. ರೋಗದ ಪ್ರಮಾಣ ಬದಲಾದರೆ ಲೆಕ್ಕದ ಉತ್ತರವೂ ಬದಲಾಗುತ್ತದೆ. ಆದರೆ ಇಂಥ ಒಂದು ಲೆಕ್ಕ ಇದೆ ಎಂಬ ಅರಿವಾದರೂ ಪಟ್ಟಿ ಮಾಡಿದವರಿಗೆ ಇರಬೇಕಿತ್ತು.

ಹೋಗುವವರು ಪ್ಯಾಕೇಜ್ ಬಿಟ್ಟು, ಮನೆಯ ಡಾಕ್ಟರಿಂದ ವಯಸ್ಸಿಗೆ ತಕ್ಕ ಪರೀಕ್ಷೆಗಳನ್ನು ಬರೆಸಿಕೊಂಡು ಹೋಗಿ. ಬಿಡಿಯಾಗಿ ಮಾಡಿಸಲು ಕೌಂಟರಿನಲ್ಲಿ ತಕರಾರಿಲ್ಲ.