ಹೈಸ್ಕೂಲಾ, ಹೈಯರ್ ಸೆಕೆಂಡರಿಯಾ? ಕಾಸರಗೋಡಿನ ಕನ್ನಡ ಬಿ.ಎಡ್. ಓದಿದವರಿಗೆ

ಹೆಚ್ಚು ಓದಿದ ಶಿಕ್ಷಕರಿಗೆ ಹೆಚ್ಚು ಸಂಬಳ ಸಿಗಬೇಕು, ಅಲ್ವಾ? ಕೇರಳದಲ್ಲಿ ಆ ಹೆಚ್ಚಳ ಮುಖ್ಯವಾಗಿ ಬರುವುದು ಹುದ್ದೆಯ ಮೂಲಕ. ಎಂ.ಎ. ಇದ್ದರೂ ಹೈಸ್ಕೂಲ್ ಹುದ್ದೆಗೆ ಸೇರಿದರೆ ಹೈಸ್ಕೂಲಿನ ಸ್ಕೇಲೇ (ತಿಂಗಳ ಮೂಲ ವೇತನದ ಶ್ರೇಣಿ).

2021ರ ವೇತನ ಪರಿಷ್ಕರಣೆಯಲ್ಲಿ ಹೈಸ್ಕೂಲ್ ಶಿಕ್ಷಕರ ಸ್ಕೇಲ್ 41,300ರಿಂದ 87,000 ರೂಪಾಯಿ. ಹೈಯರ್ ಸೆಕೆಂಡರಿಯಲ್ಲಿ (11, 12ನೇ ತರಗತಿ) 55,200ರಿಂದ 1,15,300. ನಡುವೆ ಹೈಯರ್ ಸೆಕೆಂಡರಿಯದೇ ಜೂನಿಯರ್ ಹುದ್ದೆ ಇದೆ, 45,600ರಿಂದ 95,600. ವಾರದ ಪೀರಿಯಡ್ ಕಡಿಮೆ ಇರುವಲ್ಲಿ ಸಿಗುವುದು ಇದೇ. ಹಾಗಾಗಿ ಅಧಿಸೂಚನೆಯಲ್ಲಿ ‘ಜೂನಿಯರ್’ ಎಂದಿದೆಯೇ ಅಂತ ಮೊದಲು ನೋಡಿ.

ಹೈಸ್ಕೂಲಿಗೆ ಬೇಕಾದ ಅರ್ಹತೆ ಪದವಿ, ಬಿ.ಎಡ್., ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ). ಹೈಯರ್ ಸೆಕೆಂಡರಿಗೆ ಸ್ನಾತಕೋತ್ತರ ಪದವಿ, ಬಿ.ಎಡ್., ಸೆಟ್ (ಹೈಯರ್ ಸೆಕೆಂಡರಿ ಶಿಕ್ಷಕರ ರಾಜ್ಯ ಅರ್ಹತಾ ಪರೀಕ್ಷೆ). ಸರ್ಕಾರಿ ಶಾಲೆಯ ಎರಡೂ ಹುದ್ದೆಗಳಿಗೆ ನೇರವಾಗಿ ಸೇರಲು ಪಿಎಸ್‌ಸಿ (ಲೋಕಸೇವಾ ಆಯೋಗ) ಆಯ್ಕೆ ದಾಟಲೇಬೇಕು. ಅನುದಾನಿತ ಶಾಲೆಯಲ್ಲಿ ನೇಮಕ ಆಡಳಿತ ಮಂಡಳಿಯದು, ಸಂಬಳ ಸರ್ಕಾರದ್ದು.

ನನ್ನ ಮಾತು ಕೇಳಿದರೆ, ಮನೆಯಲ್ಲಿ ದುಡಿಮೆ ತುರ್ತಾಗಿ ಬೇಕಿದ್ದರೆ ಹೈಸ್ಕೂಲ್ ಶಿಕ್ಷಕರ ನೇಮಕಾತಿ ಪರೀಕ್ಷೆ ಬಿಡಬೇಡಿ. ಸೇರಿದ ಮೇಲೂ ಸೆಟ್ ಬರೆಯಬಹುದು. ಸೇವೆಯಲ್ಲಿರುವ ಅರ್ಹ ಶಿಕ್ಷಕರಿಗೆ ವರ್ಗಾವಣೆ ನೇಮಕದ ಮೂಲಕ ಹೈಯರ್ ಸೆಕೆಂಡರಿಗೆ ಹೋಗುವ ದಾರಿಯೂ ಇದೆ. ಎಂ.ಎ., ಸೆಟ್ ಈಗಾಗಲೇ ಕೈಯಲ್ಲಿದ್ದರೆ ಹೈಯರ್ ಸೆಕೆಂಡರಿಯೇ ಒಳ್ಳೆಯದು. ಆದರೆ ಕನ್ನಡದ ಹುದ್ದೆಗಳು ಹೆಚ್ಚಾಗಿ ಈ ಜಿಲ್ಲೆಯಲ್ಲೇ ಇರುವುದರಿಂದ ಒಂದನ್ನೇ ನಂಬಿ ಕೂರಬೇಡಿ, ಎರಡಕ್ಕೂ ಅರ್ಜಿ ಹಾಕಿ.