ನಾಕಾದಲ್ಲಿ ಗಾಡಿ ಹಿಡಿದರೆ ‘ಬಿಡಿಸ್ಕೊಡ್ತೇನೆ’ ಅಂತ ಬರುವವನ ಕೈಗೆ ದುಡ್ಡು ಕೊಡಬೇಡಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆ ಪಿಕಪ್, ಮಿನಿ ಲಾರಿ ಬಾಡಿಗೆಗೆ ಓಡಿಸುವವರು ದಯವಿಟ್ಟು ಓದಿ.

ನನ್ನ ತಮ್ಮನ ಪಿಕಪ್ಪನ್ನು ಒಬ್ಬ ಮರದ ವ್ಯಾಪಾರಿ ಬಾಡಿಗೆಗೆ ಕರೆದ. ಶಿರಸಿ ಹತ್ತಿರದ ತೋಟದ ಹಲಸಿನ ನಾಟಾ (ದಿಮ್ಮಿ), ಕುಮಟಾದ ಸಾಮಿಲ್ಲಿಗೆ. ಮರ ಸಾಗಿಸಲು ಅರಣ್ಯ ಇಲಾಖೆ ಕೊಡುವ ಪಾಸ್ ತೋರಿಸಿದ, ಅದೇನೂ ಸುಳ್ಳಲ್ಲ. ದೇವಿಮನೆ ಘಟ್ಟಕ್ಕಿಂತ ಮೊದಲೇ ಇಲಾಖೆಯವರು ತಡೆದು ಲೋಡ್ ಇಳಿಸಿದರು. ಹಲಸಿನ ತುಂಡುಗಳ ತುದಿಯಲ್ಲಿ ಇಲಾಖೆಯ ಸುತ್ತಿಗೆ ಮುದ್ರೆ, ನಂಬರು ಎಲ್ಲ ಇತ್ತು. ತಳದಲ್ಲಿದ್ದ ಎರಡು ಮತ್ತಿ (ಕಾಡುಮರ) ತುಂಡುಗಳ ತುದಿ ಮಾತ್ರ ಬೋಳು, ತೊಗಟೆಗೆ ಇನ್ನೂ ಹಸಿ ಮಣ್ಣು. ಯಾರದೋ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಸರಕಾರಿ ಕಾಡಿನಲ್ಲಿ, ಕಡಿದದ್ದು. ಬೆಟ್ಟದಲ್ಲಿ ಸೊಪ್ಪು, ದರಕು (ಒಣ ಎಲೆ) ನಮ್ಮದು, ಮರ ಸರಕಾರದ್ದು ಅಂತ ಊರಿಗೆಲ್ಲ ಗೊತ್ತು. ಆದರೂ ಮಾರುವವರಿದ್ದಾರೆ!

ಇಲ್ಲಿಯವರೆಗೆ ಗಾರ್ಡ್ ಮಾಡಿದ್ದರಲ್ಲಿ ನಾನು ತಪ್ಪು ಹುಡುಕುವುದಿಲ್ಲ. ವ್ಯಾಪಾರಿಯ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್.

ಮಾರನೇ ದಿನ ಮನೆಗೆ ಒಬ್ಬ ಬಂದ. ಇಲಾಖೆಯವನಲ್ಲ, ಆದರೆ ಆಫೀಸಿನವರ ಹೆಸರೆಲ್ಲ ಬಾಯಿಪಾಠ. ‘ಮಾವ, ಸಣ್ಣ ಕೇಸು, ದಂಡ ತುಂಬಿದ್ರೆ ಮುಗೀತು, ಗಾಡಿ ಎರಡು ದಿನದಲ್ಲಿ ಅಂಗಳಕ್ಕೆ ಬರ್ತದೆ’ ಅಂದ. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಹದಿನೈದು ಸಾವಿರ ಎಣಿಸಿ ಕೊಟ್ಟರು. ರಸೀದಿ ಕೇಳಿದರೆ ‘ಆರ್ಡರ್ ಜೊತೆಗೇ ಬರ್ತದೆ’ ಅಂದ.

ಬಂದದ್ದು ನೋಟಿಸು. ವಾಹನವನ್ನು ಯಾಕೆ ಮುಟ್ಟುಗೋಲು ಹಾಕಿಕೊಳ್ಳಬಾರದು ಅಂತ ತಮ್ಮನ ಹೆಸರಿಗೆ. ಫೈಲಿನಲ್ಲಿ ದಂಡ ತುಂಬಿದ ಸುಳಿವೇ ಇಲ್ಲ.

ವಕೀಲರು ಹೇಳಿದ್ದು ಇಷ್ಟು. ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲಿ ಅಪರಾಧದ ಕೇಸು ಬೇರೆ, ಗಾಡಿಯ ಮುಟ್ಟುಗೋಲು ಬೇರೆ. ಕೋರ್ಟಿನಲ್ಲಿ ಶಿಕ್ಷೆ ಆಗುವವರೆಗೆ ಕಾಯಬೇಕಿಲ್ಲ, 71-ಎ ಕಲಮಿನಡಿ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯೇ ಗಾಡಿ ಮುಟ್ಟುಗೋಲು ಹಾಕಬಹುದು. ಆದರೆ ಮೊದಲು ನೋಟಿಸು ಕೊಟ್ಟು ಮಾಲೀಕನ ಮಾತು ಕೇಳಬೇಕು. ತನಗೂ ಗಾಡಿ ಓಡಿಸಿದವನಿಗೂ ಗೊತ್ತಿಲ್ಲದೆ ಮರ ಹಾಕಿದ್ದಾರೆ, ಇಬ್ಬರೂ ಬೇಕಾದ ಎಚ್ಚರಿಕೆ ವಹಿಸಿದ್ದೆವು ಅಂತ ಮಾಲೀಕ ರುಜುವಾತು ಮಾಡಿದರೆ ಗಾಡಿ ಉಳಿಯುತ್ತದೆ. ಆದೇಶ ವಿರುದ್ಧ ಬಂದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ. ಆ ನೋಟಿಸಿಗೆ ಉತ್ತರ ಕೊಡದೆ ಕೂತವರ ಗಾಡಿಗಳೇ ಹರಾಜಿಗೆ ಹೋಗುವುದು. ‘ದುಡ್ಡು ಕೊಟ್ಟಾಗಿದೆಯಲ್ಲ’ ಅಂತ ಅಪ್ಪ ಆ ಕಾಗದವನ್ನು ಕಪಾಟಿಗೆ ಹಾಕಿಯೂ ಆಗಿತ್ತು.

ನಾವು ಉತ್ತರ ಕೊಟ್ಟಿದ್ದೇವೆ. ಬಾಡಿಗೆಗೆ ಕರೆದ ವಾಟ್ಸಾಪ್ ಮೆಸೇಜು, ಹಲಸಿನ ಪಾಸಿನ ಫೋಟೋ ತಮ್ಮನ ಫೋನಿನಲ್ಲಿ ಉಳಿದದ್ದೇ ಪುಣ್ಯ. ವಿಚಾರಣೆ ನಡೀತಾ ಇದೆ. ಗಾಡಿ ಆಫೀಸಿನ ಹಿತ್ತಲಲ್ಲಿ ಮಳೆ ತಿಂತಾ ಇದೆ, ಕಂತು ಮಾತ್ರ ತಿಂಗಳು ತಿಂಗಳು ಹೋಗ್ತಾ ಇದೆ.

ಲೋಡ್ ಮಾಡುವಾಗ ನೀವೇ ನಿಂತು ಪ್ರತಿ ತುಂಡಿನ ಮುದ್ರೆಯನ್ನು ಪಾಸಿಗೆ ತಾಳೆ ನೋಡಿ, ಫೋಟೋ ತೆಗೆದಿಡಿ. ಜಪ್ತಿ ಮಾಡುವಾಗ ಬರೆಯುವ ಮಹಜರು ಓದದೆ ಸಹಿ ಹಾಕಬೇಡಿ. ದುಡ್ಡು ತಗೊಂಡ ಆ ಮನುಷ್ಯನ ಹೆಸರು ಕೇಳಬೇಡಿ, ಹಾಕುವುದಿಲ್ಲ. ಗುರುತು ಹೇಳ್ತೇನೆ: ‘ಸಾಹೇಬ್ರ ಹತ್ರ ಮಾತಾಡಿದೇನೆ’ ಅಂತಲೇ ಶುರು ಮಾಡ್ತಾನೆ, ಫೋನ್‌ಪೇ ಮಾಡ್ತೇನೆ ಅಂದರೆ ಮಾತ್ರ ಬೇಡವೇ ಬೇಡ ಅಂತಾನೆ.