ಹಳೇ ಪಿಕಪ್ ಬದಲಿಗೆ ಎಸ್‌ಯುವಿ: ಚಾಸಿ ಗಾಡಿಯೋ, ಮೊನೊಕಾಕೋ?

ವಯಸ್ಸಾದ ಪಿಕಪ್ ಕೊಟ್ಟು ಹೊಸ ಎಸ್‌ಯುವಿ ತರಬೇಕೆನ್ನುವವರ ಮುಂದೆ ಎರಡು ಬೇರೆ ಜಾತಿಯ ಗಾಡಿಗಳಿವೆ. ಮೊದಲನೆಯದು ಪಿಕಪ್‌ನಂತೆಯೇ ಏಣಿಯಾಕಾರದ ಚಾಸಿಯ ಮೇಲೆ ಬಾಡಿ ಕೂರಿಸಿದ್ದು. ಟೊಯೊಟಾ ಫಾರ್ಚುನರ್, ಫೋರ್ಡ್ ಎವರೆಸ್ಟ್, ಇಸುಜು ಎಂಯು-ಎಕ್ಸ್ ಈ ಸಾಲಿನವು. ಎರಡನೆಯದು ಬಾಡಿಯೇ ಚಾಸಿಯೂ ಆಗಿರುವ ಮೊನೊಕಾಕ್. ಹೋಂಡಾ ಸಿಆರ್-ವಿ, ಹ್ಯುಂಡೈ ಟಕ್ಸನ್ ಇದಕ್ಕೆ ಉದಾಹರಣೆ. ಪಿಕಪ್ ಜೊತೆ ಈ ಎರಡನ್ನೂ ಖಾಲಿಯಾಗಿ, ಹೊರೆ ಹಾಕಿ, ಟ್ರೇಲರ್ ಕಟ್ಟಿ ಓಡಿಸಿ ನೋಡಿದರೆ ವ್ಯತ್ಯಾಸ ಶೋರೂಮಿನಲ್ಲಿ ಹೇಳುವಷ್ಟು ಸರಳವಾಗಿಲ್ಲ.

ಹೆಚ್ಚು ಜನ ಎಡವುವುದು ಹೊರೆಯ ಲೆಕ್ಕದಲ್ಲಿ. ಫಾರ್ಚುನರ್ ಹೈಲಕ್ಸ್ ಪಿಕಪ್‌ನ ಬುನಾದಿಯ ಮೇಲೆಯೇ ನಿಂತಿದೆ, ಎವರೆಸ್ಟ್ ರೇಂಜರ್ ಪಿಕಪ್‌ನ ಮೇಲೆ. ಹಾಗಾಗಿ ಪಿಕಪ್ ಹೊತ್ತಷ್ಟನ್ನು ಇವೂ ಹೊರುತ್ತವೆ ಎಂಬ ನಂಬಿಕೆ. ಹೊರುವುದಿಲ್ಲ. ಮೂರನೇ ಸಾಲಿನ ಸೀಟು, ಹಿಂಬದಿಯ ಗಾಜು, ಚಾವಣಿ, ಎರಡನೇ ಎಸಿ ಎಲ್ಲವೂ ಗಾಡಿಯ ಸ್ವಂತ ತೂಕವನ್ನು ಏರಿಸುತ್ತವೆ. ಹಿಂದಿನ ಲೀಫ್ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿರುವುದರಿಂದ ಅನುಮತಿಸಿದ ಒಟ್ಟು ತೂಕವೂ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಸಿಗುವುದೇ ನಿಮ್ಮ ಪಾಲು. ಒಟ್ಟು 2,750 ಕೆಜಿ, ಖಾಲಿ 2,150 ಕೆಜಿ ಇರುವ ಗಾಡಿಯನ್ನು ತೆಗೆದುಕೊಳ್ಳಿ: ಉಳಿಯುವುದು 600 ಕೆಜಿ. ತಲಾ 70 ಕೆಜಿಯ ಏಳು ಜನ ಕೂತರೆ 490 ಹೋಯಿತು. ಮುಂದೆ ಕಬ್ಬಿಣದ ಗಾರ್ಡ್, ಮೇಲೆ ಕ್ಯಾರಿಯರ್ ಹಾಕಿಸಿದರೆ ಸಾಮಾನಿಗೆಂದು ಉಳಿಯುವುದು ಎರಡು ಚೀಲದಷ್ಟು. ಟ್ರೇಲರ್ ಕಟ್ಟಿದರೆ ಅದರ ತೂಕದ ಸುಮಾರು ಹತ್ತನೇ ಒಂದು ಭಾಗ ಕೊಕ್ಕೆಯ ಮೇಲೆ ಕೂರುತ್ತದೆ; ಅದೂ ಇದೇ 600ರೊಳಗೇ ಬರಬೇಕು. ಬಾಗಿಲಿನ ಕಂಬದ ಮೇಲಿನ ತಗಡಿನಲ್ಲೋ ಸ್ಟಿಕ್ಕರ್‌ನಲ್ಲೋ ಈ ಅಂಕಿಗಳಿರುತ್ತವೆ. ಇಲ್ಲದಿದ್ದರೆ ಮಾಲೀಕರ ಕೈಪಿಡಿ ನೋಡಿ. ಕರಪತ್ರದ ಮೊದಲ ಪುಟದ ಹಾರ್ಸ್‌ಪವರ್‌ಗಿಂತ ಈ ಅಂಕಿ ಹತ್ತು ಪಟ್ಟು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಕ ಸರಿಹೋದರೂ ಜಾಗ ಸಾಲದೇ ಹೋಗಬಹುದು. ಎಂಟಡಿ-ನಾಲ್ಕಡಿ ಪ್ಲೈವುಡ್ ಹಲಗೆಯ ಅಗಲ 1,220 ಮಿಮೀ. ಬಹುಪಾಲು ಎಸ್‌ಯುವಿಗಳ ಡಿಕ್ಕಿಯಲ್ಲಿ ಎರಡು ಚಕ್ರದ ಉಬ್ಬುಗಳ ನಡುವೆ ಅಷ್ಟು ಅಗಲವಿರುವುದಿಲ್ಲ. ಟೇಪು ಹಿಡಿದುಕೊಂಡೇ ಶೋರೂಮಿಗೆ ಹೋಗಿ. ಚಾವಣಿಯ ಮಿತಿ ಹಲವು ಗಾಡಿಗಳಲ್ಲಿ ಕ್ಯಾರಿಯರ್ ಸೇರಿ 75ರಿಂದ 100 ಕೆಜಿಯಷ್ಟೇ. ಸಿಮೆಂಟ್, ಗೊಬ್ಬರ, ಡೀಸೆಲ್ ಡಬ್ಬಿ ಇವನ್ನು ಪಿಕಪ್‌ನ ಹಿಂದೆ ಎಸೆದು ಟಾರ್ಪಾಲು ಕಟ್ಟಿದರೆ ಮುಗಿಯಿತು. ಎಸ್‌ಯುವಿಯಲ್ಲಿ ಅವು ಕೂತವರ ಜೊತೆಗೇ ಪ್ರಯಾಣ ಮಾಡುತ್ತವೆ. ವಾಸನೆ, ದೂಳು ಒಂದು ಕಡೆಯಾದರೆ, ಜೋರಾಗಿ ಬ್ರೇಕ್ ಹಾಕಿದಾಗ ಕಟ್ಟದ ಸಾಮಾನು ಮುಂದಿನವರ ತಲೆಗೆ ಬರುತ್ತದೆ. ಸೀಟಿನ ಹಿಂದೆ ಬೋಲ್ಟ್ ಮಾಡಿದ ಜಾಲರಿ, ನೆಲದ ಕೊಂಡಿಗಳಿಗೆ ಬಿಗಿದ ಬೆಲ್ಟು ಎರಡೂ ಬೇಕು.

ಓಡಿಸುವಾಗಿನ ಅನುಭವದಲ್ಲಿ ಮೊನೊಕಾಕ್ ಸ್ಪಷ್ಟವಾಗಿ ಮುಂದಿದೆ. ಖಾಲಿ ಪಿಕಪ್‌ನ ಹಿಂಬದಿ ಕಿತ್ತುಹೋದ ರಸ್ತೆಯಲ್ಲಿ ಕುಪ್ಪಳಿಸುತ್ತದೆ, ಏಕೆಂದರೆ ಅದರ ಸ್ಪ್ರಿಂಗ್ ಪೂರ್ತಿ ಹೊರೆಗೆಂದೇ ಗಟ್ಟಿಯಾಗಿದೆ. ಚಾಸಿ ಎಸ್‌ಯುವಿಯಲ್ಲಿ ಕುಪ್ಪಳಿಕೆ ಕಡಿಮೆ, ಓಲಾಟ ಉಳಿಯುತ್ತದೆ. ಸ್ಟೀರಿಂಗ್ ತಿರುಗಿಸಿದ ಒಂದು ಕ್ಷಣದ ಮೇಲೆ ಗಾಡಿ ತಿರುಗಿದಂತೆ ತೋರುತ್ತದೆ. ಮೊನೊಕಾಕ್‌ನಲ್ಲಿ ಹಿಂದಿನ ಚಕ್ರಗಳು ಒಂದಕ್ಕೊಂದು ಅಂಟಿಕೊಳ್ಳದೆ ಆಡುತ್ತವೆ, ತೂಕ ಕೆಳಗಿದೆ, ತೈಲವೂ ಕಡಿಮೆ ಕುಡಿಯುತ್ತದೆ. ಹಳೇ ಪಿಕಪ್‌ನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ (ಗಾಡಿ ಜಾರಿದಾಗ ಚಕ್ರಗಳಿಗೆ ತಾನಾಗಿಯೇ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ವ್ಯವಸ್ಥೆ) ಇರದಿದ್ದರೆ, ಹೊಸ ಗಾಡಿ ಯಾವುದೇ ಇರಲಿ, ಅದಿಲ್ಲದ್ದನ್ನು ಕೊಳ್ಳಬೇಡಿ. ಎತ್ತರದ ಗಾಡಿ ಮಗುಚುವ ಅಪಾಯವನ್ನು ಅದು ಗಣನೀಯವಾಗಿ ತಗ್ಗಿಸುತ್ತದೆ.

ಕೆಟ್ಟ ದಾರಿಯಲ್ಲಿ ಮಾತ್ರ ಪಟ್ಟ ಅದಲುಬದಲು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಬೈ ಫೋರ್ ಪಿಕಪ್‌ಗೂ ಚಾಸಿ ಎಸ್‌ಯುವಿಗೂ ಲೋ ರೇಂಜ್, ಅಂದರೆ ವೇಗ ಇಳಿಸಿ ಎಳೆಯುವ ಬಲ ಹೆಚ್ಚಿಸುವ ಗೇರ್, ಇದೆ. ಕೆಸರಿನ ಏರಿನಲ್ಲಿ ಕ್ಲಚ್ ಸುಡದೆ ನಿಧಾನವಾಗಿ ಹತ್ತಬಹುದು. ಮೊನೊಕಾಕ್‌ನ ಆಲ್ ವೀಲ್ ಡ್ರೈವ್‌ನಲ್ಲಿ ಹಿಂದಿನ ಚಕ್ರಕ್ಕೆ ಬಲ ಕಳಿಸುವುದು ಸಾಮಾನ್ಯವಾಗಿ ಸಣ್ಣದೊಂದು ಮಲ್ಟಿ-ಪ್ಲೇಟ್ ಕ್ಲಚ್. ಮರಳಿನಲ್ಲಿ ಹೊತ್ತು ತಿರುಗಿಸಿದರೆ ಅದು ಬಿಸಿಯಾಗಿ ತನ್ನನ್ನು ತಾನೇ ಬಿಡಿಸಿಕೊಳ್ಳುತ್ತದೆ, ಆಗ ಗಾಡಿ ಮುಂದಿನ ಎರಡು ಚಕ್ರದ್ದಾಗಿಬಿಡುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರುಗಳ ಸವೆತ ಹತ್ತಿರಹತ್ತಿರ ಇರಬೇಕು. ಒಂದನ್ನೇ ಹೊಸದು ಹಾಕಿಸಿದರೆ ಆ ಕ್ಲಚ್ ಸದಾ ಜಾರುತ್ತ ಸವೆಯುತ್ತದೆ. ಬೇಕಾದಾಗ ಮಾತ್ರ ಹಾಕಿಕೊಳ್ಳುವ ಪಾರ್ಟ್ ಟೈಮ್ ಫೋರ್ ಬೈ ಫೋರ್‌ಗೂ ಒಂದು ಕಟ್ಟಳೆಯಿದೆ: ಒಣ ಡಾಂಬರಿನ ಮೇಲೆ ಹಾಕಬಾರದು, ತಿರುವಿನಲ್ಲಿ ಆಕ್ಸಲ್‌ಗಳು ಒಂದಕ್ಕೊಂದು ಎಳೆದಾಡಿ, ಮುಂದಿನ-ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗಬಹುದು.

ಗ್ರೌಂಡ್ ಕ್ಲಿಯರೆನ್ಸ್ ಅಂಕಿಯನ್ನೂ ಹಾಗೆಯೇ ನಂಬಬೇಡಿ. ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಎಷ್ಟೇ ಹೊರೆ ಹಾಕಿದರೂ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರು ಗುಂಡು) ಕೆಳಗಿನ ಅಂತರ ಬಹುತೇಕ ಅಷ್ಟೇ ಇರುತ್ತದೆ. ಮೊನೊಕಾಕ್‌ನಲ್ಲಿ ಹೊರೆ ಹೆಚ್ಚಿದಷ್ಟೂ ಹೊಟ್ಟೆ ನೆಲಕ್ಕಿಳಿಯುತ್ತದೆ. ಟೈರಿನ ಗೋಡೆಯ ಎತ್ತರವನ್ನೂ ಲೆಕ್ಕ ಹಾಕಿ (ಟೈರಿನ ಮೇಲಿನ ಮೊದಲ ಅಂಕಿ ಮಿಮೀನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು): 265/70 ಆರ್16ರಲ್ಲಿ ಅದು ಸುಮಾರು 185 ಮಿಮೀ, 235/55 ಆರ್19ರಲ್ಲಿ 129 ಮಾತ್ರ. ಚೂಪು ಕಲ್ಲಿನ ಗುಂಡಿಗೆ ಬಿದ್ದರೆ ಎರಡನೆಯದರಲ್ಲಿ ರಿಮ್ಮೇ ಬಾಗಬಹುದು. ಸ್ಟೆಪ್ನಿ ಪೂರ್ತಿ ಅಳತೆಯದ್ದೋ ತೆಳುವಿನದ್ದೋ ನೆಲದ ಹೊದಿಕೆ ಎತ್ತಿ ನೋಡಿ. ತೆಳುವಿನದರ ವೇಗಮಿತಿ ಸಾಮಾನ್ಯವಾಗಿ 80 ಕಿಮೀ.

ಹಳೇ ಡೀಸೆಲ್ ಪಿಕಪ್‌ನಿಂದ ಹೊಸ ಡೀಸೆಲ್‌ಗೆ ಬರುವವರು ತಿಳಿದಿರಲೇಬೇಕಾದದ್ದು ಹೊಗೆ ಶೋಧಕ, ಅಂದರೆ ಡಿಪಿಎಫ್. ಅದರಲ್ಲಿ ಕೂತ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ದಿನಾ ಮೂರು-ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಡೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆಂದು ಚಿಮ್ಮಿಸಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಇದೇ ಕಾರಣವಿರಬಹುದು. ಗೆರೆ ದಾಟುವ ಮುಂಚೆ ಆಯಿಲ್ ಬದಲಿಸಿ. ಡಿಪಿಎಫ್ ದೀಪ ಹೊತ್ತಿದಾಗ ಇಂಜಿನ್ ಆರಿಸದೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಓಡಾಟವೆಲ್ಲ ಚಿಕ್ಕದೇ ಆಗಿದ್ದರೆ ಪೆಟ್ರೋಲ್ ಅಥವಾ ಹೈಬ್ರಿಡ್ ಕೊಳ್ಳಿ. ಟ್ರೇಲರ್ ಎಳೆಯುವವರು ಡ್ರೈ ಕ್ಲಚ್‌ನ ಡಿಸಿಟಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಬಿಟ್ಟು, ದ್ರವದ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಆರಿಸಿಕೊಳ್ಳುವುದು ಒಳ್ಳೆಯದು.

ಹಳೆಯದನ್ನೇ ಇಟ್ಟುಕೊಳ್ಳುವ ದಾರಿಯನ್ನು ತಳ್ಳಿಹಾಕುವ ಮುಂಚೆ ಎರಡು ಪರೀಕ್ಷೆ ಸಾಕು. ಹಿಂದಿನ ಸ್ಪ್ರಿಂಗ್ ಕೊಂಡಿಗಳ ಬಳಿ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ. ಟಣ್ ಎನ್ನದೆ ಮಂಕಾಗಿ ಸದ್ದಾದರೆ, ಪದರ ಉದುರಿದರೆ ಒಳಗೆ ತುಕ್ಕು ತಿಂದಿದೆ. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆಸಿ. ಸಿಲಿಂಡರ್‌ಗಳ ನಡುವೆ ಹತ್ತು ಶೇಕಡಾಕ್ಕಿಂತ ಹೆಚ್ಚು ಅಂತರ ಬಂದರೆ ಇಂಜಿನ್ ಬಿಚ್ಚುವ ಕಾಲ ಹತ್ತಿರವಿದೆ. ಎರಡೂ ಚೆನ್ನಾಗಿದ್ದರೆ ಬುಷ್, ಶಾಕ್ ಅಬ್ಸಾರ್ಬರ್, ಕ್ಲಚ್ ಹಾಕಿಸಿ ಇನ್ನೂ ಕೆಲವು ವರ್ಷ ದುಡಿಸಬಹುದು.

ಹೊರೆ ಅಪರೂಪವಾಗಿದ್ದು ಜನರ ಓಡಾಟವೇ ಹೆಚ್ಚಿರುವ ಮನೆಗೆ ಮೊನೊಕಾಕ್ ಮತ್ತು ಸಣ್ಣದೊಂದು ಟ್ರೇಲರ್ ಜೋಡಿಯೇ ನನ್ನ ಆಯ್ಕೆ; ಕೊಳಕು ಹೊರಗುಳಿಯುತ್ತದೆ, ಉಳಿದ ದಿನ ಅದರ ತೂಕ ಹೊತ್ತು ತಿರುಗಬೇಕಿಲ್ಲ. ಎಳೆಯುವ ಮಿತಿಯಲ್ಲಿ ಬ್ರೇಕ್ ಇರುವ, ಇರದ ಟ್ರೇಲರ್‌ಗೆ ಬೇರೆ ಬೇರೆ ಅಂಕಿಗಳಿರುತ್ತವೆ. ಸಣ್ಣ ಅಂಕಿಯನ್ನೇ ಕೇಳಿ. ವಾರವಾರ ಕಾಡುದಾರಿ ಹತ್ತುವವರಿಗೆ, ದೊಡ್ಡ ಟ್ರೇಲರ್ ಎಳೆಯುವವರಿಗೆ ಚಾಸಿ ಎಸ್‌ಯುವಿ.

ಟೆಸ್ಟ್ ಡ್ರೈವ್‌ಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು, ಸಾಮಾನು ತುಂಬಿಯೇ ಹೋಗಿ. ಹತ್ತುವ ಮುಂಚೆ, ಹತ್ತಿದ ಮೇಲೆ ಹಿಂದಿನ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ; ಹೊರೆಗೆ ಗಾಡಿ ಎಷ್ಟು ಕುಸಿಯಿತೆಂದು ಗೊತ್ತಾಗುತ್ತದೆ. ಅದೇ ಹೊರೆಯಲ್ಲಿ ಹಂಪ್ ದಾಟುವಾಗ ಸಸ್ಪೆನ್ಷನ್ ತಳಕ್ಕೆ ಬಡಿದರೆ, ಆ ಗಾಡಿಯನ್ನು ಅಲ್ಲಿಗೇ ಪಟ್ಟಿಯಿಂದ ತೆಗೆದುಹಾಕಿ.